ಸಾವಯವ ರಸಾಯನಶಾಸ್ತ್ರಜ್ಞರ ಎಚ್-ಇಂಡೆಕ್ಸ್: ಸ್ಕಾಲರ್‌ನಲ್ಲಿ 34, ಸ್ಕೋಪಸ್‌ನಲ್ಲಿ 27. ಯಾವುದನ್ನು ನಂಬುವುದು?

ಕೈರಲ್ (ಪ್ರಶ್ನೆ):
ಪಿಎಚ್‌ಡಿಗೆ ಗೈಡ್ ಹುಡುಕುವಾಗಿನ ಗೊಂದಲ ಇದು. ಸಾವಯವ ಸಂಶ್ಲೇಷಣೆಯಲ್ಲಿ 25 ವರ್ಷ ದುಡಿದ ಪ್ರೊಫೆಸರ್ ಒಬ್ಬರ ಎಚ್-ಇಂಡೆಕ್ಸ್ (ಎಚ್ ಪೇಪರ್‌ಗಳು ತಲಾ ಕನಿಷ್ಠ ಎಚ್ ಸಲ ಉಲ್ಲೇಖಗೊಂಡಿವೆ ಎನ್ನಬಹುದಾದ ಅತಿ ದೊಡ್ಡ ಸಂಖ್ಯೆ) ಗೂಗಲ್ ಸ್ಕಾಲರ್, ಸ್ಕೋಪಸ್ ಎಂಬ ಉಲ್ಲೇಖ ಎಣಿಸುವ ಎರಡು ತಾಣಗಳಲ್ಲಿ ಎರಡು ಥರ ತೋರಿಸುತ್ತಿದೆ. ಅತಿ ಹೆಚ್ಚು ಸೈಟ್ ಆಗಿರುವುದು (ಬೇರೆ ಪೇಪರ್‌ಗಳು ಹೆಸರಿಸಿರುವುದು) ಒಂದು ರಿವ್ಯೂ, ಅಂದರೆ ಆಗಲೇ ಬಂದ ಕೆಲಸಗಳ ಸಮೀಕ್ಷಾ ಲೇಖನ. ಇದರಿಂದ ಕೆಲಸದ ತೂಕ ತಿಳಿಯುತ್ತದೆಯೇ?

ರಿಫ್ಲಕ್ಸ್:
ಎರಡೂ ಸರಿಯೇ. ಸ್ಕಾಲರ್ ಥೀಸಿಸ್, ಪ್ರಿಪ್ರಿಂಟ್ (ಜರ್ನಲ್ ಪರಿಶೀಲನೆಗೆ ಮುಂಚಿನ ಕರಡು), ಪೇಟೆಂಟ್‌ಗಳಲ್ಲಿ ಬಂದ ಉಲ್ಲೇಖವನ್ನೂ ಎಣಿಸುತ್ತದೆ. ಸ್ಕೋಪಸ್ ತಾನು ಆರಿಸಿಕೊಂಡ ಪ್ರಕಟಣೆಗಳಿಂದ ಆಚೆ ಹೋಗುವುದಿಲ್ಲ. ಇಬ್ಬರನ್ನು ಹೋಲಿಸುವುದಾದರೆ ಒಂದೇ ಕಡೆಯ, ಒಂದೇ ದಿನದ ಲೆಕ್ಕ ಹಿಡಿಯಿರಿ.

ಲೆಕ್ಕವನ್ನು ಕೈಯಲ್ಲೇ ಮಾಡಿ ನೋಡಿ. ಸೈಟೇಶನ್ ಇಳಿಯುವ ಕ್ರಮದಲ್ಲಿ 90, 41, 22, 9, 6, 5, 3 ಎಂದಿದ್ದರೆ ಐದನೇ ಪೇಪರ್‌ಗೆ 6, ಆರನೆಯದಕ್ಕೆ 5. ಹಾಗಾಗಿ ಎಚ್ 5. ಮೊದಲಿನ 90 ನಾಳೆ 900 ಆದರೂ ಎಚ್ ಅಲ್ಲಾಡುವುದಿಲ್ಲ. 2005ರಲ್ಲಿ ಹಿರ್ಷ್ ಕೊಟ್ಟ ಈ ಅಳತೆಯ ದೊಡ್ಡ ಕೊರತೆ ಇದೇ. ಸ್ಕೋಪಸ್‌ನಲ್ಲಿ ಸ್ವಂತ ಉಲ್ಲೇಖಗಳನ್ನು ತೆಗೆದು ಒಮ್ಮೆ, ರಿವ್ಯೂಗಳನ್ನೂ ಬಿಟ್ಟು ಇನ್ನೊಮ್ಮೆ ಎಣಿಸಿ. ಸ್ವಂತ ಉಲ್ಲೇಖ ಇದ್ದ ಮಾತ್ರಕ್ಕೆ ತಪ್ಪೆನ್ನಬೇಡಿ: ಹಲವು ಹಂತಗಳ ಸಂಶ್ಲೇಷಣೆಯ ಎರಡನೇ ಭಾಗ ಮೊದಲನೆಯದನ್ನು ಹೆಸರಿಸಲೇಬೇಕು.

ಕಾಲಮ್_ಸಿಲಿಕಾ:
ಏನು ಸೈಟ್ ಆಗಿದೆ ಅನ್ನೋದು ಮುಖ್ಯ. 1978ರಲ್ಲಿ ಕ್ಲಾರ್ಕ್ ಸ್ಟಿಲ್, ಕಾನ್, ಮಿತ್ರ ಬರೆದ ಫ್ಲ್ಯಾಶ್ ಕ್ರೊಮ್ಯಾಟೋಗ್ರಫಿ (ಮಿಶ್ರಣವನ್ನು ಸಿಲಿಕಾ ಕಾಲಮ್ ಮೂಲಕ ಬೇಗ ಬೇರ್ಪಡಿಸುವ ವಿಧಾನ) ಪೇಪರ್ ತೆಗೆದುಕೊಳ್ಳಿ. ಟಿಎಲ್‌ಸಿಯಲ್ಲಿ (ತೆಳು ಪದರದ ಮೇಲಿನ ಪರೀಕ್ಷೆ) ಆರ್‌ಎಫ್, ಅಂದರೆ ದ್ರಾವಕ ಏರಿದ ದೂರದಲ್ಲಿ ವಸ್ತು ಏರಿದ ಪಾಲು, 0.35 ಬರುವ ದ್ರಾವಕ, 40–63 ಮೈಕ್ರಾನ್ ಸಿಲಿಕಾ, ಕಾಲಮ್‌ನಲ್ಲಿ ದ್ರಾವಕ ನಿಮಿಷಕ್ಕೆ 2 ಅಂಗುಲ ಇಳಿಯುವಷ್ಟು ಗಾಳಿಯ ಒತ್ತಡ. ಇಷ್ಟೇ, ಹೊಸ ಕ್ರಿಯೆ ಒಂದೂ ಇಲ್ಲ. ಆದರೂ ಪ್ರಪಂಚದ ಲ್ಯಾಬ್‌ಗಳೆಲ್ಲ ಅದನ್ನು ಬಳಸಿದವು, ಹೆಸರಿಸಿದವು. ಎನ್‌ಎಂಆರ್‌ನಲ್ಲಿ (ಅಣುವಿನ ರಚನೆ ತಿಳಿಯುವ ಕಾಂತೀಯ ಪರೀಕ್ಷೆ) ಉಳಿದ ದ್ರಾವಕಗಳ ಪೀಕ್ ಎಲ್ಲೆಲ್ಲಿ ಬರುತ್ತವೆ ಎಂಬ 1997ರ ಗಾಟ್ಲೀಬ್ ಪಟ್ಟಿಯೂ ಹಾಗೆಯೇ.

ಎರಡು ಇಂಗಾಲದ ತುಣುಕುಗಳನ್ನು ಜೋಡಿಸುವ ಸುಜುಕಿ–ಮಿಯೌರಾ ಕ್ರಿಯೆ ಹೊರಬಂದದ್ದು 1979ರಲ್ಲಿ, ಆದರೆ ಜನ ಹೆಚ್ಚು ಸೈಟ್ ಮಾಡುವುದು ಅವರದೇ 1995ರ ಕೆಮಿಕಲ್ ರಿವ್ಯೂಸ್ ಲೇಖನವನ್ನು. ರಿವ್ಯೂ ಮೇಲೆ ಕೂತಿದೆ ಅಂದರೆ ಮೂಲ ಕೆಲಸ ಇಲ್ಲ ಎಂದಲ್ಲ. ಅದರ ಹಿಂದೆ ಅವರದೇ ಕ್ರಿಯೆ ಇದೆಯೇ, ಬೇರೆಯವರ ಕೆಲಸದ ಸಂಗ್ರಹವೇ ಅನ್ನೋದನ್ನು ನೋಡಬೇಕು. ಗ್ರಿಗ್ನಾರ್ಡ್ ಕ್ರಿಯೆ ಬಳಸುವವರು 1900ರ ಪೇಪರ್ ಹೆಸರಿಸುವುದೇ ಅಪರೂಪ. ಪಠ್ಯಪುಸ್ತಕಕ್ಕೆ ಸೇರಿದ ಮೇಲೆ ಎಣಿಕೆ ನಿಂತೇ ಹೋಗುತ್ತದೆ.

ಇನಿಷಿಯಲ್:
ನಮ್ಮ ಕಡೆಯ ಹೆಸರುಗಳಲ್ಲಿ ಇನ್ನೊಂದು ತೊಡಕು. "ಎಸ್. ಚಂದ್ರಶೇಖರ್" ಅಂತ ಹುಡುಕಿದರೆ ಖಗೋಳ ಭೌತವಿಜ್ಞಾನಿ, ರಾಮನ್ ಸಂಸ್ಥೆಯ ದ್ರವ ಸ್ಫಟಿಕ ತಜ್ಞರು, ಹೈದರಾಬಾದಿನ ಐಐಸಿಟಿಯ (ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ) ಸಾವಯವ ರಸಾಯನಶಾಸ್ತ್ರಜ್ಞರು ಎಲ್ಲರೂ ಒಟ್ಟಿಗೆ ಬರುತ್ತಾರೆ. ಆರ್ಕಿಡ್ ಸಂಖ್ಯೆ (ಪ್ರತಿ ಸಂಶೋಧಕರಿಗೂ ಇರುವ ಪ್ರತ್ಯೇಕ ಗುರುತು), ಸಂಸ್ಥೆ, ಸಹಲೇಖಕರು, ಈ ಮೂರನ್ನೂ ತಾಳೆ ನೋಡದೆ ಯಾರ ಸಂಖ್ಯೆಯನ್ನೂ ಒಪ್ಪಬೇಡಿ.

ಜರ್ನಲ್ ಹೆಸರಿಗೂ ಮರುಳಾಗಬೇಡಿ. ತಟ್ಟೆಯಾಕಾರದ ಅಣುಗಳೂ ದ್ರವ ಸ್ಫಟಿಕವಾಗುತ್ತವೆ ಎಂದು ತೋರಿಸಿದ 1977ರ ಪೇಪರ್ (ಚಂದ್ರಶೇಖರ್, ಸದಾಶಿವ, ಸುರೇಶ್) ಬಂದದ್ದು ಬೆಂಗಳೂರಿನ 'ಪ್ರಮಾಣ' ಜರ್ನಲ್‌ನಲ್ಲಿ. ಬೆಂಜೀನಿನ ಆರೂ ಮೂಲೆಗೆ ಎಸ್ಟರ್ ಸರಪಳಿ ಜೋಡಿಸಿದ ಆ ಅಣುಗಳಿಂದ ಒಂದು ಇಡೀ ಕ್ಷೇತ್ರವೇ ಬೆಳೆಯಿತು.

ಕೈರಲ್:
ಹಾಗಾದರೆ ಮೊದಲು ಏನನ್ನು ತೆರೆಯಲಿ?

ಕಾಲಮ್_ಸಿಲಿಕಾ:
ರಿವ್ಯೂ ಬಿಟ್ಟು, ಅವರ ಹೆಸರಿಗೆ ನಕ್ಷತ್ರವಿರುವ (ಅಂದರೆ ಅವರೇ ಹೊಣೆ ಹೊತ್ತ ಮುಖ್ಯ ಲೇಖಕರಾಗಿರುವ) ಮೂರು ಪೇಪರ್. ಅವನ್ನು ಸೈಟ್ ಮಾಡಿದ ಹೊರಗಿನ ಲ್ಯಾಬ್‌ಗಳ ಸಪೋರ್ಟಿಂಗ್ ಇನ್ಫರ್ಮೇಶನ್‌ನಲ್ಲಿ (ಪೇಪರ್ ಜೊತೆಗಿನ ಪ್ರಯೋಗ ವಿವರಗಳ ಕಡತ) ಅವರ ಹೆಸರು ಹುಡುಕಿ. ಪೀಠಿಕೆಯಲ್ಲಿ ಹತ್ತರ ಜೊತೆ ಹನ್ನೊಂದನೆಯದಾಗಿ ಬಂದಿದ್ದರೆ ಅದಕ್ಕೆ ತೂಕ ಕಡಿಮೆ. ಅವರ ವಿಧಾನವನ್ನು ಹಂತಹಂತವಾಗಿ ಅನುಸರಿಸಿದ್ದರೆ ಪ್ರಮಾಣ ಮತ್ತು ಇಳುವರಿ ಓದಿ. 0.2 ಮಿಲಿಮೋಲ್‌ನಲ್ಲಿ ಬಂದ ಇಳುವರಿ ಗ್ರಾಮ್ ಮಟ್ಟದಲ್ಲೂ ನಿಂತಿದೆಯೇ? ದೊಡ್ಡ ಫ್ಲಾಸ್ಕ್‌ನಲ್ಲಿ ಶಾಖ ಬೇಗ ಹೊರಹೋಗದೆ ಎಷ್ಟೋ ಕ್ರಿಯೆಗಳು ಅಲ್ಲೇ ಕೆಡುತ್ತವೆ.