ರಿಪೀಟರ್ ತೆರೆಯುತ್ತದೆ, ಆದರೆ ಧ್ವನಿ ಕ್ಷೀಣವೇಕೆ?

ಪ್ರಶ್ನೆ (ಬದಿಯಡ್ಕ): ಮಾನ್ಯರೇ, ನನ್ನ 5 ವಾಟ್ ಕೈರೇಡಿಯೊದಿಂದ 2 ಮೀಟರ್ ಹವ್ಯಾಸಿ ರೇಡಿಯೊ ಬ್ಯಾಂಡಿನ ರಿಪೀಟರ್ (ಸಿಗ್ನಲ್ ಪಡೆದು ಮರುಪ್ರಸಾರ ಮಾಡುವ ಕೇಂದ್ರ) ಸುಲಭವಾಗಿ ತೆರೆದುಕೊಳ್ಳುತ್ತದೆ, ಅಂದರೆ ನನ್ನ ಸಿಗ್ನಲ್ಲಿಗೆ ಸ್ಪಂದಿಸುತ್ತದೆ, ಸಿಗ್ನಲ್ ಪೂರ್ಣವಾಗಿದೆಯೆಂದು ಎಲ್ಲರೂ ಹೇಳುತ್ತಾರೆ, ಆದರೂ ಮಾತು ಮಾತ್ರ ಬಾವಿಯೊಳಗಿಂದ ಬಂದಂತೆ ಕೇಳುತ್ತದೆಯಂತೆ. ಆಂಟೆನಾ ಬದಲಿಸಬೇಕೇ?

ಉತ್ತರ (ಕುಂಬಳೆ): ಆಂಟೆನಾವನ್ನು ದೂರಬೇಡಿ, ತಮ್ಮ ರೇಡಿಯೊ ನ್ಯಾರೋ (ಕಿರಿದಾದ) ಎಫ್‌ಎಂನಲ್ಲಿರಬಹುದು. ಎಫ್‌ಎಂನಲ್ಲಿ ಧ್ವನಿಯ ಗಟ್ಟಿತನವನ್ನು ನಿರ್ಧರಿಸುವುದು ವಾಟ್ ಅಲ್ಲ, ಆವರ್ತನದ ವಿಚಲನೆ, ಅಂದರೆ ಮಾತಿಗೆ ತಕ್ಕಂತೆ ಆವರ್ತನ ಅತ್ತಿತ್ತ ಸರಿಯುವ ಪ್ರಮಾಣ. ನ್ಯಾರೋದಲ್ಲಿ ಅದು ಗರಿಷ್ಠ 2.5 ಕಿಲೋಹರ್ಟ್ಸ್, ವೈಡ್‌ನಲ್ಲಿ (ಅಗಲವಾದದ್ದರಲ್ಲಿ) 5. ಆದ್ದರಿಂದ ವೈಡ್‌ಗೆ ಹೊಂದಿಸಿದ ರಿಪೀಟರ್ ತಮ್ಮ ಧ್ವನಿಯನ್ನು ಅರ್ಧ ಮಟ್ಟದಲ್ಲಷ್ಟೇ ಮರುಪ್ರಸಾರ ಮಾಡುತ್ತದೆ.

ಉತ್ತರ (ಮುಳ್ಳೇರಿಯ): ತಿರುಗುಮುರುಗಾದರೆ ಇನ್ನೂ ಕಷ್ಟ. 3 ಕಿಲೋಹರ್ಟ್ಸ್‌ವರೆಗಿನ ಧ್ವನಿಗೆ ವೈಡ್ ಸಿಗ್ನಲ್ ಸುಮಾರು 16 ಕಿಲೋಹರ್ಟ್ಸ್ ಅಗಲವನ್ನು ಬೇಡುವುದರಿಂದ, ನ್ಯಾರೋ ರಿಪೀಟರಿನ ಫಿಲ್ಟರ್ ಅದರ ಅಂಚುಗಳನ್ನು ಕತ್ತರಿಸುತ್ತದೆ, ಏರುದನಿಯ ಮಾತು ಒಡೆಯುತ್ತದೆ.

ಪ್ರಶ್ನಿಸಿದವರು: ಮೆನುವಿನಲ್ಲಿ ನ್ಯಾರೋ ಎಂದೇ ಇತ್ತು! ಬದಲಿಸಿದ್ದೇನೆ, ಈಗ ಮಾತು ಸ್ಪಷ್ಟವಾಗಿದೆಯೆಂದು ತಿಳಿಸಿದ್ದಾರೆ.