ಬಟಾಣಿ ಬಿಟ್ಟು ಕ್ಯಾನೊಲಾ ಹಾಕೋಣವೇ? ಕೆನಡಾದ ಸಸ್ಕ್ಯಾಚವಾನ್‌ನಿಂದ ಒಂದು ಪ್ರಶ್ನೆ

ಪ್ರಶ್ನೆ:
ಸರ್, ನಾನು ಹಾವೇರಿ ಕಡೆಯವನು. ಈಗ ಮೂಸ್ ಜಾ ಹತ್ತಿರ ಒಂದು ಫಾರ್ಮ್‌ನಲ್ಲಿ ಕೆಲಸ. 15 ಕ್ವಾರ್ಟರ್, ಅಂದರೆ 2,400 ಎಕರೆ ಜಮೀನು. ಮಾಲೀಕರಿಗೆ ವಯಸ್ಸಾಗಿದೆ. ಈ ಸಲ ಲೆಕ್ಕ ನೀನೇ ಹಾಕು ಅಂದಿದ್ದಾರೆ. ಡ್ಯೂರಮ್ ಗೋಧಿ (ಪಾಸ್ತಾ ಮಾಡುವ ಗಟ್ಟಿ ಗೋಧಿ), ಮಸೂರ್, ಹಳದಿ ಬಟಾಣಿ, ಸ್ವಲ್ಪ ಕ್ಯಾನೊಲಾ (ಸಾಸಿವೆ ಜಾತಿಯ ಎಣ್ಣೆಬೀಜ) ಬೆಳೆಯುತ್ತೇವೆ. ಭಾರತ ಬಟಾಣಿಗೆ 30% ಸುಂಕ ಹಾಕಿದೆಯಲ್ಲ, ಬಟಾಣಿ ಪೂರ್ತಿ ಬಿಟ್ಟು ಕ್ಯಾನೊಲಾ ಹಾಕಿಬಿಡೋಣ ಅನ್ನಿಸುತ್ತಿದೆ. ಎಲಿವೇಟರ್‌ನವರು, ಅಂದರೆ ಇಲ್ಲಿ ಧಾನ್ಯ ಕೊಳ್ಳುವ ಗೋದಾಮಿನವರು, ಹೊಸ ಬೆಳೆಗೆ ಈಗಲೇ ರೇಟು ಕೊಡುತ್ತೇವೆ, ಸಹಿ ಹಾಕಿ ಅನ್ನುತ್ತಿದ್ದಾರೆ. ಎಷ್ಟಕ್ಕೆ ಹಾಕಲಿ?

ಉತ್ತರ (ಬೆಳೆ ಸಲಹೆಗಾರ, ರಿಜೈನಾ):
ಸುಂಕದ ಮಾತು ಆಮೇಲೆ. ಮೊದಲು ಹೊಲದ ಪುಸ್ತಕ ತೆಗೆಯಿರಿ. ಯಾವ ಕ್ವಾರ್ಟರ್‌ನಲ್ಲಿ ಯಾವ ವರ್ಷ ಏನಿತ್ತು ಅಂತ ನೋಡಿ. ಅಫನೊಮೈಸಿಸ್ ಅನ್ನೋ ಬೇರುಕೊಳೆ ರೋಗ ಇರುವ ಹೊಲಕ್ಕೆ ಬಟಾಣಿ ಮತ್ತೆ ಬರಲು 6ರಿಂದ 8 ವರ್ಷ ಬಿಡಬೇಕು. ಮಸೂರ್‌ಗೂ ಅದೇ ರೋಗ ಬರುತ್ತದೆ. ಹಾಗಾಗಿ ನಡುವೆ ಮಸೂರ್ ಹಾಕಿದ್ದರೆ ಬಿಡುವು ಕೊಟ್ಟಂತಲ್ಲ. ಇದನ್ನು ಮರೆಯುವವರೇ ಜಾಸ್ತಿ. ಎಷ್ಟೋ ಹೊಲಗಳಲ್ಲಿ ಬಟಾಣಿ ಬೇಕೋ ಬೇಡವೋ ಅಂತ ಮಣ್ಣೇ ಹೇಳಿಬಿಟ್ಟಿರುತ್ತದೆ. ಕ್ಯಾನೊಲಾಕ್ಕೂ ಬ್ಲ್ಯಾಕ್‌ಲೆಗ್, ಕ್ಲಬ್‌ರೂಟ್ ರೋಗಗಳ ಕಾಟ ಇದೆ. ಒಂದೇ ಹೊಲದಲ್ಲಿ ಕನಿಷ್ಠ 2 ವರ್ಷ ಬಿಟ್ಟು ಹಾಕಿ. ಅದೂ ಅಲ್ಲದೆ ನಿಮ್ಮದು ಒಣ ಸೀಮೆ. ಹೂ ಬಿಡುವಾಗ ಬಿಸಿಲು ಏರಿದರೆ ಕ್ಯಾನೊಲಾ ಹೂ ಉದುರಿಸಿಬಿಡುತ್ತದೆ.

ಇನ್ನು ಸುಂಕ. ಭಾರತ 2017ರಲ್ಲಿ ಬಟಾಣಿಗೆ 50% ಹಾಕಿತು, 2023ರ ಡಿಸೆಂಬರ್‌ನಲ್ಲಿ ತೆಗೆಯಿತು, 2025ರ ನವೆಂಬರ್‌ನಲ್ಲಿ ಮತ್ತೆ 30% ಹಾಕಿತು. ಹಾಗಂತ ಕ್ಯಾನೊಲಾಕ್ಕೆ ಓಡಿದರೆ? 2025ರ ಆಗಸ್ಟ್‌ನಲ್ಲಿ ಚೀನಾ ಕೆನಡಾದ ಕ್ಯಾನೊಲಾ ಬೀಜಕ್ಕೆ 75.8% ಠೇವಣಿ (ಆಮದು ಮಾಡುವವರು ಕಟ್ಟಬೇಕಾದ ಸುಂಕದಂಥ ಹಣ) ಕೇಳಿತು. 2026ರ ಜನವರಿಯಲ್ಲಿ ಇಳಿಸುವುದಾಗಿ ಒಪ್ಪಿಕೊಂಡಿತು. ನೀವು ಮೇನಲ್ಲಿ ಬಿತ್ತಿ, ಆಗಸ್ಟ್‌ನಲ್ಲಿ ಕೊಯ್ದು, ಮುಂದಿನ ಬೇಸಿಗೆವರೆಗೂ ಮಾರುವವರು. ಇವತ್ತಿನ ಸುಂಕ ನೋಡಿ ಬಿತ್ತಿದರೆ ಏಮಾರುತ್ತೀರಿ.

ಪೆನ್ಸಿಲ್ ಹಿಡಿಯಿರಿ. ಸುಮ್ನೆ ಲೆಕ್ಕಕ್ಕೆ ಎಕರೆ ಖರ್ಚು 400 ಡಾಲರ್ ಅಂತಿಟ್ಟುಕೊಳ್ಳಿ. 40 ಬುಷೆಲ್ (ಇಲ್ಲಿ ಧಾನ್ಯ ಅಳೆಯುವ ಲೆಕ್ಕ) ಬಂದರೆ ಬುಷೆಲ್‌ಗೆ 10 ಡಾಲರ್ ಅಸಲು. ಮಳೆ ಕೈಕೊಟ್ಟು 28 ಬಂದರೆ 14 ಡಾಲರ್ ದಾಟುತ್ತದೆ. ಎಲ್ಲ ಬೆಳೆಗೂ ಈ ಎರಡೂ ಅಂಕಿ ಬರೆದಿಡಿ. ಎಲಿವೇಟರ್‌ನವರ ರೇಟು ಚೆನ್ನಾಗಿದೆಯೋ ಇಲ್ಲವೋ ಅದರ ಮೇಲೆ ಗೊತ್ತಾಗುತ್ತದೆ.

ಸಹಿ ವಿಚಾರದಲ್ಲಿ 2021 ನೆನಪಿಡಿ. ವಸಂತದಲ್ಲಿ ಒಳ್ಳೆ ರೇಟು ಅಂತ ಜನ ಕ್ಯಾನೊಲಾ ಮುಂಗಡವಾಗಿ ಮಾರಿದರು. ಬರ ಬಿತ್ತು. ರೇಟು ಟನ್‌ಗೆ 1,000 ಡಾಲರ್ ದಾಟಿತು. ಕೊಡಲು ಮಾಲಿಲ್ಲ. ಹಳೇ ರೇಟಿಗೂ ಹೊಸ ರೇಟಿಗೂ ಇದ್ದ ವ್ಯತ್ಯಾಸವನ್ನು ಕೈಯಿಂದ ಕಟ್ಟಿದರು. ಬೆಳೆಯೂ ಹೋಯಿತು, ದುಡ್ಡೂ ಹೋಯಿತು. ಅದಕ್ಕೇ ನಾನು ಹೇಳುವುದು, ಕೆಟ್ಟ ವರ್ಷದಲ್ಲೂ ಬರುವ ಇಳುವರಿಯಷ್ಟಕ್ಕೆ ಮಾತ್ರ ಸಹಿ. ನನ್ನ ಕೈ ಬಿಗಿ, ನಿರೀಕ್ಷಿಸುವ ಇಳುವರಿಯ ನಾಲ್ಕರಲ್ಲಿ ಒಂದು ಪಾಲು ದಾಟಲ್ಲ. ಮಸೂರ್, ಬಟಾಣಿಗೆ ‘ಆ್ಯಕ್ಟ್ ಆಫ್ ಗಾಡ್’ ಷರತ್ತಿನ ಒಪ್ಪಂದ ಸಿಗುತ್ತದೆ. ಪ್ರಕೃತಿ ಕೈಕೊಟ್ಟು ಬೆಳೆ ಬರದಿದ್ದರೆ ದಂಡವಿಲ್ಲ. ಎಷ್ಟು ಎಕರೆಗೆ, ಎಷ್ಟು ಬುಷೆಲ್‌ವರೆಗೆ ಅಂತ ಸಣ್ಣಕ್ಷರ ಓದಿ.

ಪ್ರಶ್ನೆ ಕೇಳಿದವರು:
ಸರ್, ‘ಬೇಸಿಸ್’ ಅಂತಾರಲ್ಲ, ಡ್ಯೂರಮ್‌ಗೂ ಅದನ್ನು ನೋಡಬೇಕಾ? ಮಾಲೀಕರನ್ನು ಕೇಳಿದರೆ ನಗುತ್ತಾರೆ.

ಉತ್ತರ:
ನಗಲಿ ಬಿಡಿ! 2012ರ ಆಗಸ್ಟ್‌ವರೆಗೆ ಇಲ್ಲಿಂದ ರಫ್ತಾಗುವ ಗೋಧಿ, ಡ್ಯೂರಮ್ ಎಲ್ಲ ಕೆನಡಿಯನ್ ವೀಟ್ ಬೋರ್ಡ್ ಮೂಲಕವೇ ಹೋಗಬೇಕಿತ್ತು. ಯಾವಾಗ ಮಾರಲಿ ಅನ್ನೋ ತಲೆನೋವು ನಿಮ್ಮ ಮಾಲೀಕರಂಥ ರೈತರಿಗೆ ಇರಲಿಲ್ಲ. ಬೇಸಿಸ್ ಅಂದರೆ ವಾಯಿದೆ ಮಾರುಕಟ್ಟೆಯ (ಮುಂದಿನ ತಿಂಗಳ ಮಾಲಿಗೆ ಈಗಲೇ ರೇಟು ಕುದುರುವ ಫ್ಯೂಚರ್ಸ್ ಪೇಟೆ) ರೇಟಿಗೂ ನಿಮ್ಮೂರಿನ ಎಲಿವೇಟರ್ ಕೊಡುವ ರೇಟಿಗೂ ಇರುವ ಅಂತರ. ಕ್ಯಾನೊಲಾಕ್ಕೆ ಅದನ್ನು ನೋಡಿ. ಕೊಯ್ಲಿನಲ್ಲಿ ಎಲ್ಲರೂ ಒಟ್ಟಿಗೆ ಲಾರಿ ತಂದಾಗ ಆ ಅಂತರ ಸಾಮಾನ್ಯವಾಗಿ ಅಗಲವಾಗುತ್ತದೆ, ಅಂದರೆ ವಾಯಿದೆ ರೇಟಿಗಿಂತ ಎಲಿವೇಟರ್ ರೇಟು ಇನ್ನೂ ಕೆಳಗಿಳಿಯುತ್ತದೆ. ಬಿನ್‌ನಲ್ಲಿ (ಧಾನ್ಯ ತುಂಬಿಡುವ ಕಣಜ) ಜಾಗವಿದ್ದರೆ ಕಾಯಿರಿ. ಡ್ಯೂರಮ್‌ಗೆ ಚಾಲ್ತಿಯಲ್ಲಿರುವ ವಾಯಿದೆ ಮಾರುಕಟ್ಟೆಯೇ ಇಲ್ಲ. ನಾಲ್ಕು ಕಡೆ ಫೋನ್ ಮಾಡಿ ರೇಟು ಕೇಳುವುದೇ ದಾರಿ.

ಇನ್ನೊಬ್ಬರು (ಕಲಬುರಗಿ):
ಸರ್, ನಿಮ್ಮ ಬಟಾಣಿ ಬಂದು ನಮ್ಮ ತೊಗರಿ ರೇಟು ಬಿತ್ತು. 2025-26ಕ್ಕೆ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ ಅಂದಿದ್ದರು, ನಾನು ಅದಕ್ಕಿಂತ ಕಡಿಮೆಗೇ ಮಾರಿದೆ. ಅಲ್ಲಿ ಅಷ್ಟು ಬೆಳೆಯುವುದು ಯಾಕೆ?

ಉತ್ತರ:
ನಿಮ್ಮ ಸಿಟ್ಟು ಸರಿಯಾಗಿದೆ. ಬಟಾಣಿ ಮೊದಲು ಪೈಪೋಟಿ ಕೊಡುವುದು ಕಡಲೆಗೆ, ಕಡಲೆಹಿಟ್ಟಿಗೆ ಬೆರೆಯುವುದೂ ಅದೇ. ಆದರೆ ಅಗ್ಗದ ಬೇಳೆ ಬಂದರೆ ತೊಗರಿಗೂ ಏಟು. ಇಲ್ಲಿಯವರು ಅದನ್ನು ಬಿತ್ತುವುದಕ್ಕೆ ಒಂದು ಕಾರಣ ಗೊಬ್ಬರದ ಖರ್ಚು. ಬಟಾಣಿಗೆ ಸಾರಜನಕ ಗೊಬ್ಬರ ಬೇಕಿಲ್ಲ, ಮುಂದಿನ ಗೋಧಿಗೂ ಒಂದಷ್ಟು ಉಳಿಸುತ್ತದೆ. ದೆಹಲಿಯಲ್ಲಿ ಒಂದು ಅಧಿಸೂಚನೆ ಹೊರಟರೆ ನಿಮಗೂ ಇವರಿಗೂ ಒಂದೇ ದಿನ ತಾಗುತ್ತದೆ. ಇವರಿಗೆ ಬಿನ್ ಇದೆ, ಒಂದು ವರ್ಷ ಕಾಯಬಹುದು. ನಿಮಗೆ ಸಾಲದವರು ಕಾಯಲ್ಲ, ಅಲ್ವಾ?

ಮೂಸ್ ಜಾದವರೇ, ಹೊಲದ ಪುಸ್ತಕದ ಫೋಟೊ ಇಲ್ಲೇ ಹಾಕಿ. ಕ್ವಾರ್ಟರ್ ಕ್ವಾರ್ಟರ್ ನೋಡೋಣ.