ಪಡುವಣ ಕಿಟಕಿ ಗಾಜು ಮತ್ತು ಚಿಕ್ಕಪ್ಪನ ವಿಡಿಯೋ

ನಮ್ಮ ದಾವಣಗೆರೆ ಮನೆ ಕಿಟಕಿ ಗಾಜು ಬಿರುಕು ಬಿಟ್ಟಾಗ ಮನೆ ಮಂದಿಯ ವಾಟ್ಸಾಪ್ ಗುಂಪಲ್ಲಿ ಆದ ಜಗಳ ಇದು. ಗೆಳೆಯನೊಬ್ಬ ತನ್ನ ಮನೆ ಗಾಜಿಗೂ ಹಿಂಗೇ ಆಗಿದೆ, ಏನು ಮಾಡ್ಲಿ ಅಂತ ಕೇಳಿದ. ಗುಡ್ ಮಾರ್ನಿಂಗ್ ಹೂವು, ಕೈಮುಗಿಯೋ ಎಮೋಜಿ, ನಡುವೆ ನುಗ್ಗಿದ ಗೃಹಪ್ರವೇಶದ ಆಮಂತ್ರಣ ಎಲ್ಲ ತೆಗೆದು ಉಳಿದಿದ್ದನ್ನ ಹಾಕ್ತಿದ್ದೀನಿ. ಹೆಸರಿನ ಜಾಗದಲ್ಲಿ ಸಂಬಂಧ ಐತೆ.

ಚಿಕ್ಕಪ್ಪ: [ವಿಡಿಯೋ. ಹಲವು ಬಾರಿ ಫಾರ್ವರ್ಡ್ ಆಗಿದೆ] ಒಡೆದ ಗಾಜು ಎರಡೇ ನಿಮಿಷದಲ್ಲಿ ಸರಿ!! ಬಿರುಕಿಗೆ ಟೂತ್‌ಪೇಸ್ಟ್ ತಿಕ್ಕಿ, ಅಡುಗೆ ಸೋಡಾ ಉದುರಿಸಿ, ಮೇಲೆ ಸೂಪರ್ ಗ್ಲೂ ಬಿಡಿ. ಅಂಗಡಿಯವರು ಈ ಗುಟ್ಟು ಹೇಳಲ್ಲ!!!

ಚಿಕ್ಕಪ್ಪ: ಪಡುವಣ ಕಿಟಕಿಗೆ ಇದನ್ನೇ ಮಾಡಿದ್ರೆ ಆತು. ಸುಮ್ನೆ ಯಾಕೆ ದುಡ್ಡು ಸುರೀತೀರಿ

ಅತ್ತೆ: ಒಳ್ಳೇದಾತು ನೋಡು. ಪೇಸ್ಟು ಬಿಳೀದಾ, ಜೆಲ್ಲಾ?

ಹರಿಹರದ ಮಾವ: ಪೇಸ್ಟು ಹಲ್ಲಿಗೆ. ಗಾಜಿಗೆ ಬ್ಯಾಡ.

ಮಾವ ರಿಟೈರ್ಡ್ ಸಿವಿಲ್ ಎಂಜಿನಿಯರ್. ಗುಂಪಲ್ಲಿ ಬಾಯಿ ಬಿಡೋದೇ ಅಪರೂಪ. ಬಿಟ್ಟರೆ ಯಾರಿಗಾದ್ರೂ ಉಗಿಯೋಕೇ.

ಚಿಕ್ಕಪ್ಪ: ನೋಡದೇನೇ ಬ್ಯಾಡ ಅಂದ್ರೆ ಹೆಂಗೆ ಭಾವ. ವಿಡಿಯೋದಲ್ಲಿ ಗೆರೆನೇ ಕಾಣಲ್ಲ

ಬೆಂಗಳೂರಕ್ಕ: ಚಿಕ್ಕಪ್ಪ, ಆ ವಿಡಿಯೋದಲ್ಲಿ ಒರೆಸೋ ಮೊದಲು ಒಂದು ಕಟ್ ಇದೆ. ಗಾಜೇ ಬದಲಾಗಿದೆ. ಕಿಟಕಿ ಹಿಂದಿನ ಗಿಡ ನೋಡಿ, ಒಂದು ಕೊಂಬೆ ಮಾಯ 😂

ಬೆಂಗಳೂರಕ್ಕ: ಅಡುಗೆ ಸೋಡಾ ಮೇಲೆ ಸೂಪರ್ ಗ್ಲೂ ಬಿದ್ರೆ ಕ್ಷಣದಲ್ಲಿ ಗಟ್ಟಿಯಾಗುತ್ತೆ, ಅದು ನಿಜ. ಆದ್ರೆ ಸುಣ್ಣದ ಹಾಗೆ ಬೆಳ್ಳಗೆ. ಗ್ಲೂ ಆವಿ ಕೂತು ಸುತ್ತಲಿನ ಗಾಜೂ ಮಬ್ಬಾಗುತ್ತೆ. ಇರೋ ಒಂದು ಗೆರೆ ಹೋಗಿ ಒಂದು ಪಟ್ಟಿ ಬರುತ್ತೆ.

ಚಿಕ್ಕಪ್ಪ: ಹಂಗಾದ್ರೆ ಕಾರಿನ ಮುಂದಿನ ಗಾಜಿಗೆ ಏನೋ ತುಂಬಿ ಸರಿ ಮಾಡ್ತಾರಲ್ಲ, ಅದೂ ಸುಳ್ಳಾ?

ಹರಿಹರದ ಮಾವ: ಅದು ನಿಜ. ಆದ್ರೆ ಅದು ಬೇರೆ ಗಾಜು. ಕಾರಿನ ಮುಂದಿನ ಗಾಜು ಒಂದಲ್ಲ, ಎರಡು. ನಡುವೆ ಪಿವಿಬಿ ಅನ್ನೋ ಪ್ಲಾಸ್ಟಿಕ್ ಹಾಳೆ. ಕಲ್ಲು ಬಡಿದ್ರೆ ಸಾಮಾನ್ಯವಾಗಿ ಹೊರಗಿನ ಪದರ ಮಾತ್ರ ಸಿಡೀತದೆ, ಒಳಗಿನ ಹಾಳೆ ಎಲ್ಲವನ್ನೂ ಹಿಡಿದುಕೊಂಡಿರ್ತದೆ. ಆ ಸಣ್ಣ ಗುಳಿಗೆ ರೆಸಿನ್ ಇಳಿಸಿ ಅಲ್ಟ್ರಾವಯಲೆಟ್ ಬೆಳಕಲ್ಲಿ ಗಟ್ಟಿ ಮಾಡ್ತಾರೆ. ರೆಸಿನ್ನಿನ ವಕ್ರೀಭವನಾಂಕ, ಅಂದ್ರೆ ಬೆಳಕನ್ನ ಬಾಗಿಸೋ ಅಳತೆ, ಹೆಚ್ಚುಕಮ್ಮಿ ಗಾಜಿನಷ್ಟೇ, 1.5ರ ಆಸುಪಾಸು. ಅದಕ್ಕೇ ಕಣ್ಣಿಗೆ ಕಾಣಲ್ಲ.

ಹರಿಹರದ ಮಾವ: ನಮ್ಮನೆ ಕಿಟಕೀಲಿ ಇರೋದು ಒಂಟಿ ಗಾಜು. ಬಿರುಕು ಈ ಮುಖದಿಂದ ಆ ಮುಖಕ್ಕೆ ಪೂರ್ತಿ ಹೋಗಿರ್ತದೆ. ಒತ್ತಡ ಎಲ್ಲ ಬಿರುಕಿನ ತುದೀಲಿ ಕೂತಿರ್ತದೆ, ಅಂಟು ಅಲ್ಲಿವರೆಗೆ ಇಳಿಯೋದೇ ಇಲ್ಲ. ಬಾಗಿಲು ಒಂದ್ಸಲ ಜೋರಾಗಿ ಹಾಕಿಕೊಂಡ್ರೆ ಮತ್ತೆ ಮುಂದಕ್ಕೆ ಓಡ್ತದೆ.

ದುರ್ಗದ ದೊಡ್ಡಪ್ಪ: ಇದೆಲ್ಲಾ ಯಾಕೆ? ಒಡೆದವರ ಹತ್ರ ವಸೂಲಿ ಮಾಡ್ರಿ. ಪಕ್ಕದ ಮನೆ ಹುಡುಗ್ರು ದಿನಾ ಅಲ್ಲೇ ಕ್ರಿಕೆಟ್ ಆಡ್ತಾರೆ ಅಂತ ನೀವೇ ಹೇಳಿದ್ರಲ್ಲ

ಅಮ್ಮ: ನಾನೂ ಹಂಗೇ ಅಂದುಕೊಂಡಿದ್ದೆ. ಅವರ ಬಾಲ್ ತೆಗೆದಿಟ್ಟಿದ್ದೀನಿ

ಹರಿಹರದ ಮಾವ: ಮೊದಲು ಫೋಟೋ ಹಾಕ್ರಿ. ಬಿರುಕು ಎಲ್ಲಿಂದ ಹೊರಟಿದೆ ಕಾಣಬೇಕು.

ನಾನು: [ಫೋಟೋ] [ಫೋಟೋ]

ಹರಿಹರದ ಮಾವ: ಇದು ಬಾಲ್ ಏಟಲ್ಲ. ಏಟು ಬಿದ್ದಿದ್ರೆ ಬಿದ್ದ ಜಾಗದಿಂದ ನಾಲ್ಕೂ ದಿಕ್ಕಿಗೆ ಬಿರುಕು ಹರಡಿರಬೇಕು. ಇಲ್ಲಿ ನಡುವೆ ಅಂಥ ಜಾಗವೇ ಇಲ್ಲ. ಎಡಗಡೆ ಅಂಚಿಂದ ನೆಟ್ಟಗೆ, ಅಂಚಿಗೆ 90 ಡಿಗ್ರಿಯಲ್ಲಿ ಹೊರಟು ಎರಡಿಂಚು ಆದ ಮೇಲೆ ಡೊಂಕಾಗಿದೆ. ಬಿಸಿಲಿನ ಬಿರುಕು ಹಿಂಗೇ ಶುರುವಾಗೋದು. ಸಜ್ಜಾ ನೆರಳು ಮಧ್ಯಾಹ್ನ ಗಾಜಿನ ಮೇಲೆ ಬೀಳ್ತದಾ?

ನಾನು: ಮೇಲಿನ ಕಾಲು ಭಾಗ ನೆರಳು. ಕೆಳಗೆಲ್ಲಾ ಸಂಜೆವರೆಗೂ ರಣಬಿಸಿಲು.

ಹರಿಹರದ ಮಾವ: ಒಳಗಡೆ ಏನಾದ್ರೂ ಅಂಟಿಸಿದ್ದೀರಾ? ಫೋಟೋದಲ್ಲಿ ಗಾಜು ಕಪ್ಪಗೆ ಕಾಣ್ತದೆ.

ನಾನು: ಕರೀ ಸನ್ ಫಿಲ್ಮ್. ಬೇಸಿಗೆಗೆ ಅಂತ ಅತ್ತೆ ತಂದುಕೊಟ್ಟಿದ್ರು.

ಅತ್ತೆ: ಅಂತೂ ಇಂತೂ ನನ್ನ ಬುಡಕ್ಕೇ ಬಂತು

ಹರಿಹರದ ಮಾವ: ನಿಮ್ಮನ್ನ ಯಾರೂ ಏನೂ ಅಂದಿಲ್ಲ. ಕರೀ ಫಿಲ್ಮ್ ಬಿಸಿಲನ್ನ ಹೀರ್ತದೆ, ಗಾಜಿನ ನಡು ಕಾದು ಹಿಗ್ಗೋಕೆ ನೋಡ್ತದೆ. ಅಂಚು ಗಾಜು ಹಿಡಿಯೋ ಪುಟ್ಟಿ ಒಳಗೆ, ಮರದ ಒಳಗೆ, ನೆರಳಲ್ಲಿ ತಣ್ಣಗಿರ್ತದೆ. ನಡುಭಾಗ ಅಂಚನ್ನ ಎಳೀತದೆ. ಗಾಜು ಒತ್ತಿದ್ರೆ ತಡಕೊಳ್ತದೆ, ಎಳೆದ್ರೆ ತಡಕೊಳ್ಳಲ್ಲ. ಆದ್ರೆ ಅಂಚು ನುಣುಪಾಗಿದ್ರೆ ಇಷ್ಟಕ್ಕೇ ಒಡೀತಿರಲಿಲ್ಲ. ಅಲ್ಲಿ ಚೂರು ಹಾರಿರಬೇಕು, ಇಲ್ಲಾ ಮೊಳೆ ಇರಬೇಕು. ಬಿಚ್ಚಿದಾಗ ನೋಡು.

ಅಮ್ಮ: ಹಂಗಾದ್ರೆ ಬಾಲ್ ವಾಪಸ್ ಕೊಟ್ಟುಬಿಡ್ತೀನಿ

ದುರ್ಗದ ದೊಡ್ಡಪ್ಪ: ಕೊಡಬ್ಯಾಡ. ನಾಳೆ ಒಡೆಯೋದು ಅವರೇ

(ಬಾಲ್ ಅವತ್ತೇ ಸಂಜೆ ಹೋಯ್ತು. ದೊಡ್ಡಪ್ಪನಿಗೆ ಹೇಳಿಲ್ಲ. ಅವರು ಈ ಗುಂಪಿನ ಹೊರಗೆ ಏನೂ ಓದಲ್ಲ.)

ಬೆಂಗಳೂರಕ್ಕ: ನನ್ನ ಮಾತು ಕೇಳಿ, ಒಂದು ಗಾಜಿಗೆ ಇಷ್ಟೆಲ್ಲ ಯಾಕೆ? ಆ ಹಳೇ ಕಿಟಕಿ ಪೂರ್ತಿ ತೆಗೆಸಿ ಯುಪಿವಿಸಿ ಅನ್ನೋ ಗಟ್ಟಿ ಪ್ಲಾಸ್ಟಿಕ್ ಚೌಕಟ್ಟಿನ ಸ್ಲೈಡಿಂಗ್ ಹಾಕಿಸಿ. ಧೂಳೂ ಬರಲ್ಲ, ಸೌಂಡೂ ಬರಲ್ಲ.

ಅಮ್ಮ: ಗಾಳಿನೂ ಬರಲ್ಲ

ದುರ್ಗದ ದೊಡ್ಡಪ್ಪ: ಸ್ಲೈಡಿಂಗ್ ಹಾಕಿದ್ರೆ ಯಾವಾಗಲೂ ಅರ್ಧ ಕಿಟಕಿ ಮುಚ್ಚೇ ಇರ್ತದೆ. ಅಪ್ಪ ನಿಂತು ಮಾಡಿಸಿದ ಸಾಗವಾನಿ ಅದು. ಕಿತ್ತರೆ ನಾನು ಆ ಮನೆಗೆ ಬರಲ್ಲ

ಚಿಕ್ಕಪ್ಪ: ನೀವು ಹೆಂಗೂ ದುಗ್ಗಮ್ಮನ ಜಾತ್ರೆಗೆ ಮಾತ್ರ ಬರೋದು

ಇಲ್ಲಿ ಒಂದಿಪ್ಪತ್ತು ಮೆಸೇಜು ಆಸ್ತಿ, ಜಾತ್ರೆ, ಹೋದ ಸಲ ಯಾರು ಎಷ್ಟು ಕೊಟ್ಟರು ಅನ್ನೋದು. ಬಿಟ್ಟಿದ್ದೀನಿ. ಅಕ್ಕನ ಮಾತನ್ನ ಪೂರ್ತಿ ತಳ್ಳಿಹಾಕೋಕೆ ಆಗಲ್ಲ, ನಮ್ಮ ರಸ್ತೆಯ ಧೂಳು ನಮಗೇ ಗೊತ್ತು. ಆದ್ರೆ ಚೌಕಟ್ಟು ಗಟ್ಟಿ ಇದ್ದಾಗ ಮೂರು ಚದರಡಿ ಗಾಜಿಗೋಸ್ಕರ ಗೋಡೆ ಅಗೆಸೋದು ನನಗೂ ಒಪ್ಪಿಗೆ ಆಗಲಿಲ್ಲ.

ನಾನು: ಮಾವ, ಗಾಜು ನಾನೇ ಬಿಚ್ಚಿ ಹಾಕ್ತೀನಿ. ಹೆಂಗೆ ಹೇಳ್ರಿ.

ಹರಿಹರದ ಮಾವ: ದಪ್ಪ ಕೈಗವಸು, ಕಣ್ಣಿಗೆ ಕನ್ನಡಕ, ಕಾಲಿಗೆ ಶೂ. ಹವಾಯಿ ಚಪ್ಪಲೀಲಿ ಬ್ಯಾಡ. ಗಾಜಿನ ಎರಡೂ ಕಡೆ ಅಗಲ ಟೇಪ್ ಅಡ್ಡಡ್ಡ ಉದ್ದುದ್ದ ಹಚ್ಚು. ಹಳೇ ಪುಟ್ಟಿ ಕಲ್ಲಾಗಿರ್ತದೆ, ಹಳೇ ಉಳಿ ತಗೊಂಡು ಮರದ ಕಡೆಯಿಂದ ಸ್ವಲ್ಪ ಸ್ವಲ್ಪ ಎಬ್ಬಿಸು. ಒಳಗಿಂದ ಗುದ್ದಿ ಕೆಡವಬ್ಯಾಡ. ಮೇಲಿನ ತುಂಡು ಮೊದಲು, ಕೆಳಗಿಂದು ಆಮೇಲೆ. ಕೆಳಗಿಂದು ಎಳೆದ್ರೆ ಮೇಲಿಂದು ಮುಂಗೈ ಮೇಲೆ ಇಳೀತದೆ.

ಅಮ್ಮ: ಒಡೆದ ಗಾಜು ಕಸದ ಗಾಡಿಗೆ ಹಂಗೇ ಹಾಕಬ್ಯಾಡ. ಪೇಪರ್ ಸುತ್ತಿ ರಟ್ಟಿನ ಡಬ್ಬಿಗೆ ಹಾಕಿ, ಮೇಲೆ ಗಾಜು ಅಂತ ದೊಡ್ಡದಾಗಿ ಬರಿ. ಅವರು ಬರಿಗೈಲಿ ಎತ್ತುತಾರೆ

ಚಿಕ್ಕಪ್ಪ: ಮಳೆ ಬಂದ್ರೆ ಅಲ್ಲೀವರೆಗೆ? ಅದಕ್ಕಾದ್ರೂ ನನ್ನ ಗ್ಲೂ ಆಗುತ್ತಲ್ಲ

ಹರಿಹರದ ಮಾವ: ಪಾರದರ್ಶಕ ಟೇಪ್ ಹಚ್ಚಿದ್ರೂ ನಾಕು ದಿನಕ್ಕೆ ಅಷ್ಟೇ ಕೆಲಸ ಆಗ್ತದೆ. ಬಿಚ್ಚುವಾಗ ಕೈಗೂ ಅಂಟಲ್ಲ.

ಮರುದಿನ ಬಿಚ್ಚಿದೆ. ಬಿರುಕು ಹೊರಟ ಜಾಗದಲ್ಲೇ, ಪುಟ್ಟಿ ಒಳಗೆ, ತುಕ್ಕು ಹಿಡಿದ ಒಂದು ಸಣ್ಣ ಮೊಳೆ ಗಾಜಿನ ಅಂಚಿಗೆ ಒತ್ತಿಕೊಂಡು ಕೂತಿತ್ತು. ಅಂಚಲ್ಲಿ ಉಗುರಿನ ತುದಿಯಷ್ಟು ಚೂರು ಹಾರಿತ್ತು. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತೆ, ಉಬ್ಬಿ ಗಾಜನ್ನ ಒತ್ತುತ್ತೆ. ಫೋಟೋ ಹಾಕಿದೆ. ಮಾವ ಒಂದು ಹೆಬ್ಬೆಟ್ಟು ಕಳಿಸಿದ್ರು, ಅವರ ಮಟ್ಟಿಗೆ ಅದು ದೊಡ್ಡ ಸಂಭ್ರಮ. ಅತ್ತೆ ಮಾತ್ರ ಅದೇ ಫೋಟೋನ ಮೂರು ಸಲ ರಿಪ್ಲೈ ಮಾಡಿ "ಮೊಳೆ! ಫಿಲ್ಮ್ ಅಲ್ಲ!" ಅಂತ ಬರೆದ್ರು. ಇಬ್ಬರೂ ಸರಿ ಅಂತ ನನ್ನ ಲೆಕ್ಕ, ಒಂದೇ ಇದ್ದಿದ್ರೆ ಬಹುಶಃ ಗಾಜು ಇನ್ನೂ ಇರ್ತಿತ್ತು.

ನಾನು: ಗಾಡಿ (ಗಾಜು ಕೂರೋ ಮರದ ತೋಡು) ಅಳತೆ: ಅಗಲ ಮೇಲೆ 24 ಇಂಚು, ನಡುವೆ 23 ಇಂಚು 7 ಸೂತು (ಇಂಚಿಗೆ 8 ಸೂತು), ಕೆಳಗೆ 24. ಎತ್ತರ ಮೂರೂ ಕಡೆ 18. ಹಂಗಾದ್ರೆ 24-18 ಹೇಳ್ಲಾ?

ಹರಿಹರದ ಮಾವ: ಹೇಳಿದ್ರೆ ಗಾಜು ಒಳಗೆ ಹೋಗಲ್ಲ, ನೀನು ಗುದ್ದಿ ಕೂರಿಸ್ತೀಯ, ಮುಂದಿನ ಬೇಸಿಗೆಗೆ ಮತ್ತೆ ಇದೇ ಚರ್ಚೆ. ಯಾವಾಗಲೂ ಕಮ್ಮಿ ಇರೋ ಅಳತೆ ಹಿಡಿ, ಅದರಲ್ಲಿ ಒಂದು ಸೂತು ಕಳಿ. ಅಗಲ 23 ಇಂಚು 6 ಸೂತು, ಎತ್ತರ 17 ಇಂಚು 7 ಸೂತು. ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳಿ, ಎರಡೂ ಒಂದೇ ಬರಬೇಕು.

ಚಿಕ್ಕಪ್ಪ: ಗಾಜು ಬಿಸಿಲಿಗೆ ಒಂದು ಸೂತು ಹಿಗ್ಗುತ್ತಾ? 3 ಮಿಲಿಮೀಟರ್!

ಹರಿಹರದ ಮಾವ: ಇಲ್ಲ. ಎರಡಡಿ ಗಾಜು 30 ಡಿಗ್ರಿ ಕಾದ್ರೆ ಹಿಗ್ಗೋದು ಮಿಲಿಮೀಟರಿನ ಆರನೇ ಒಂದು ಭಾಗ. ಆ ಸೂತು ಇರೋದು ಮರಕ್ಕೆ. ಮಳೆಗಾಲದಲ್ಲಿ ಮರ ಉಬ್ಬುತ್ತೆ. ಕುಯ್ಯೋನ ಕೈ ಹೆಚ್ಚುಕಮ್ಮಿಗೂ ಜಾಗ ಬೇಕು. ಕೆಳಗೆ ಎರಡು ಸಣ್ಣ ರಬ್ಬರ್ ತುಂಡು ಇಡು, ಮೂಲೆಯಿಂದ ಕಾಲು ಭಾಗ ಒಳಗೆ. ಗಾಜು ಮರದ ಮೇಲಲ್ಲ, ಅದರ ಮೇಲೆ ಕೂರಬೇಕು.

ದುರ್ಗದ ದೊಡ್ಡಪ್ಪ: ದಪ್ಪ ಎಷ್ಟು ಹೇಳಿದ್ರಿ? ನಮ್ಮ ದುರ್ಗದ ಜೋಗಿಮಟ್ಟಿ ಬೆಟ್ಟದ ಗಾಳಿ ನೋಡಿದ್ರೆ 3 ಎಂಎಂ ಯಾರೂ ಹಾಕಲ್ಲ. 6 ಹಾಕಿಸ್ರಿ

ಹರಿಹರದ ಮಾವ: ಅಲ್ಲಿ ಗಾಳಿಗಿರಣಿ ತಿರುಗಲಿ ಅಂತಲೇ ನಿಲ್ಲಿಸ್ಯಾರೆ. ಇದು ದಾವಣಗೆರೆ, ಮನೆ ಗಲ್ಲಿ ಒಳಗೆ. 4 ಎಂಎಂ ಸಾಕು. ಒಂದು ಚದರ ಮೀಟರ್ ಗಾಜಿಗೆ, ದಪ್ಪದ ಒಂದೊಂದು ಮಿಲಿಮೀಟರಿಗೂ ಎರಡೂವರೆ ಕೆಜಿ ಲೆಕ್ಕ. ಈ ಗಾಜು 2.7 ಕೆಜಿ ಆಗ್ತದೆ. 6 ಹಾಕಿದ್ರೆ 4 ಕೆಜಿ ದಾಟ್ತದೆ, ಹಳೇ ಕೀಲು ಜಗ್ಗುತ್ತೆ, ಗಾಡಿ ಆಳನೂ ಸಾಲಲ್ಲ.

ಚಿಕ್ಕಪ್ಪ: ಪುಟ್ಟಿ ನಮ್ಮನೇಲೇ ಐತೆ, ಗೋಡೆಗೆ ತಂದಿದ್ದು ಅರ್ಧ ಚೀಲ ಉಳಿದೈತೆ. ಬಂದು ತಗೊಂಡು ಹೋಗು

ಹರಿಹರದ ಮಾವ: ಅಯ್ಯೋ. ಅದು ಬಿಳಿ ಸಿಮೆಂಟಿಂದು. ಒಣಗಿದ ಮೇಲೆ ಬಿರುಸು. ಮರ ಒಂಚೂರು ಅಲುಗಿದ್ರೆ ಉದುರ್ತದೆ, ಮೊದಲ ಮಳೆಗೇ ನೀರು ಒಳಗೆ. ಕಿಟಕಿ ಪುಟ್ಟಿ ಅಂದ್ರೆ ಸೀಮೆಸುಣ್ಣದ ಪುಡಿ ಮತ್ತು ಅಗಸೆ ಎಣ್ಣೆ. ಅದಕ್ಕೆ ಐಎಸ್ 419 ಅಂತ ಬೇರೆ ಭಾರತೀಯ ಮಾನಕನೇ ಇದೆ. ಹಾರ್ಡ್‌ವೇರ್ ಅಂಗಡೀಲಿ ಗ್ಲಾಸ್ ಪುಟ್ಟಿ ಅಂತಲೇ ಕೇಳು.

ಅತ್ತೆ: ಅಗಸೆ? ಚಟ್ನಿಪುಡಿ ಮಾಡ್ತೀವಲ್ಲ ಅದಾ?

ಹರಿಹರದ ಮಾವ: ಅದೇ.

ಬೆಂಗಳೂರಕ್ಕ: ಪುಟ್ಟಿ ಯಾಕೆ, ಸಿಲಿಕೋನ್ ಹಾಕಿದ್ರೆ ಆಯ್ತಲ್ಲ? ಗನ್ನಲ್ಲಿ ಒಂದು ಗೆರೆ ಎಳೆದ್ರೆ ಮರುದಿನ ರೆಡಿ.

ಹರಿಹರದ ಮಾವ: ಅಲ್ಯೂಮಿನಿಯಂ ಆಗಿದ್ರೆ ನಾನೇ ಹಾಕು ಅಂತಿದ್ದೆ. ಮರಕ್ಕೆ ಹಾಕಿದ್ರೆ ಅದರ ಮೇಲೆ ಬಣ್ಣ ಹಿಡಿಯಲ್ಲ. ಮುಂದಿನ ಸಲ ಗಾಜು ಬಿಚ್ಚೋನು ನಿನಗೆ ಶಾಪ ಹಾಕ್ತಾನೆ.

ಬೆಂಗಳೂರಕ್ಕ: ಮುಂದಿನ ಸಲಕ್ಕೆ ಯುಪಿವಿಸಿ 😌

ಹರಿಹರದ ಮಾವ: ಕ್ರಮ ತಪ್ಪಿಸಬ್ಯಾಡ. ಗಾಡಿ ಕೆರೆದು ಬರೀ ಮರಕ್ಕೆ ಮೊದಲು ಪ್ರೈಮರ್. ಇಲ್ಲಾಂದ್ರೆ ಒಣಮರ ಪುಟ್ಟಿ ಎಣ್ಣೇನೆಲ್ಲ ಹೀರಿ ಪುಟ್ಟಿ ಬಿರಿಯುತ್ತೆ. ಪ್ರೈಮರ್ ಒಣಗಿದ ಮೇಲೆ ತೆಳ್ಳಗೆ ಪುಟ್ಟಿ ಹಾಸು, ಗಾಜನ್ನ ಅಂಚು ಹಿಡಿದು ಒತ್ತು, ನಡುವೆ ಒತ್ತಬ್ಯಾಡ. ಸಣ್ಣ ಪಿನ್ನು ಹೊಡಿ, ಪಿನ್ನು ಗಾಜಿನ ಮುಖಕ್ಕೆ ಒರಗಬೇಕು, ಅಂಚಿಗೆ ತಾಗಬಾರದು. ಆಮೇಲೆ ಹೊರಗಿನ ಪುಟ್ಟಿ ಇಳಿಜಾರಾಗಿ. ಮೇಲೆ ಪೊರೆ ಕಟ್ಟೋಕೆ ಒಂದೆರಡು ವಾರ ಬೇಕು, ಆಮೇಲೆ ಬಣ್ಣ. ಬಣ್ಣ ಗಾಜಿನ ಮೇಲೂ 2 ಮಿಲಿಮೀಟರ್ ಹತ್ತಬೇಕು, ನೀರು ತಡೆಯೋದು ಅದೇ.

ಮಂಡಿಪೇಟೆ ಕಡೆ ಗಾಜಿನ ಅಂಗಡೀಲಿ ಕುಯ್ಯೋದನ್ನ ನಿಂತು ನೋಡಿದೆ. ಕಟರ್ ಚಕ್ರನ ಸೀಮೆಎಣ್ಣೇಲಿ ಅದ್ದಿ, ಪಟ್ಟಿ ಇಟ್ಟು, ಒಂದೇ ಎಳೆತ. ಕರ್ರ್ ಅಂತ ಒಂದೇ ಸಮ ಸದ್ದು. ಗೆರೆ ಮೇಲೆ ಎರಡನೇ ಸಲ ಎಳೆಯಲೇ ಇಲ್ಲ, ಎಳೆದ್ರೆ ಅಂಚು ಹಾಳು ಅಂದ. ಮೇಜಿನ ಅಂಚಿಗೆ ಇಟ್ಟು ಒತ್ತಿದ, ಟಕ್ ಅಂತ ಎರಡಾಯ್ತು. ಅಂಚನ್ನ ಕಲ್ಲಿಂದ ಉಜ್ಜಿಕೊಡು ಅಂದಿದ್ದಕ್ಕೆ ಮುಖ ನೋಡಿದ, ಆದ್ರೂ ಉಜ್ಜಿಕೊಟ್ಟ.

ಅಮ್ಮ: ಗಾಜು ಕೂತಿತು. ಆದ್ರೆ ಹಳೇ ಗಾಜಲ್ಲಿ ಬೇವಿನ ಮರ ಅಲೆ ಅಲೆಯಾಗಿ ಕಾಣ್ತಿತ್ತು. ಇದರಲ್ಲಿ ನೆಟ್ಟಗೆ ಕಾಣ್ತದೆ. ಪಕ್ಕದ ಗಾಜಿಗೂ ಇದಕ್ಕೂ ಜೋಡಿನೇ ಆಗಲ್ಲ

ಹರಿಹರದ ಮಾವ: ಅದು ಹಳೇ ಶೀಟ್ ಗ್ಲಾಸ್, ಎಳೆದು ಮಾಡ್ತಿದ್ರು, ಅಲೆ ಬರ್ತಿತ್ತು. ಇದು ಫ್ಲೋಟ್. ಕರಗಿದ ತವರದ ಮೇಲೆ ತೇಲಿಸಿ ಮಾಡೋದು. ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ 1959ರಲ್ಲಿ ಜಗತ್ತಿಗೆ ಹೇಳಿದ್ದು.

ಅತ್ತೆ: ಈಗ ಫಿಲ್ಮ್ ಮತ್ತೆ ಹಚ್ಚಬಹುದಾ? ಮೊಳೆ ತೆಗೆದಾತಲ್ಲ

ಹರಿಹರದ ಮಾವ: ಬ್ಯಾಡ. ಹೊರಗಡೆ ಬಿದಿರಿನ ಚಿಕ್ ಪರದೆ ಇಳಿಬಿಡ್ರಿ. ಬಿಸಿಲು ಗಾಜಿಗೆ ಬೀಳೋ ಮೊದಲೇ ನಿಲ್ತದೆ.

ಅತ್ತೆ: ಉಳಿದ ಫಿಲ್ಮ್ ಏನ್ ಮಾಡ್ಲಿ? ಆರು ಅಡಿ ಐತೆ

ಬೆಂಗಳೂರಕ್ಕ: ಬಚ್ಚಲುಮನೆ ಬಾಗಿಲ ಗಾಜಿಗೆ? ಅಲ್ಲಿ ಬಿಸಿಲೇ ಬರಲ್ಲ.

ಹರಿಹರದ ಮಾವ: ಬಚ್ಚಲ ಬಾಗಿಲಲ್ಲಿ ಸಾದಾ ಗಾಜು ಇದೆಯಾ?! ಜಾರಿ ಬಿದ್ದು ಕೈ ಹೊಕ್ಕರೆ ಕತ್ತಿ ಅದು. ಅಲ್ಲಿಗೆ ಟಫನ್ಡ್, ಅಂದ್ರೆ ಕಾಯಿಸಿ ಗಟ್ಟಿ ಮಾಡಿದ ಗಾಜು ಹಾಕಿಸ್ರಿ, ಒಡೆದ್ರೂ ಸಣ್ಣ ಸಣ್ಣ ಹರಳಾಗಿ ಉದುರ್ತದೆ.

ಬೆಂಗಳೂರಕ್ಕ: ಅದರ ದುಡ್ಡು ನಾನು ಕಳಿಸ್ತೀನಿ. ನಾಳೇನೇ ಆರ್ಡರ್ ಮಾಡು.

ಹರಿಹರದ ಮಾವ: ನಾಳೆ ಆರ್ಡರ್ ಬ್ಯಾಡ, ನಾಳೆ ಅಳತೆ. ಟಫನ್ಡ್ ಆದ ಮೇಲೆ ಒಂದು ಸೂತೂ ಕುಯ್ಯೋಕೆ ಬರಲ್ಲ, ಕುಯ್ದ್ರೆ ಪೂರ್ತಿ ಪುಡಿ. ಹಿಡಿಕೆ ತೂತಿದ್ರೆ ಅದೂ ಮೊದಲೇ ಕೊರೆಸಬೇಕು. ಮೂರು ಕಡೆ ಅಳೆದು ಫೋಟೋ ಹಾಕು, ನಾನು ನೋಡಿ ಹೇಳ್ತೀನಿ.

ಚಿಕ್ಕಪ್ಪ: ಬಾಗಿಲಿಗೆ ಗಾಜೇ ಬ್ಯಾಡ, ತಗಡು ಹೊಡೀರಿ

ನಾನು: ಹಿಡಿಕೆಗೆ ಎರಡು ತೂತು ಅದಾವೆ ಮಾವ. ಟೇಪ್ ತಗೊಂಡು ಹೋಗ್ತಿದ್ದೀನಿ.